1776ರಿಂದ 1789ರವರೆಗೆ ಅಮೆರಿಕವನ್ನು ನಡೆಸಿದ್ದು ಯಾರು?

ಓದುಗರ ಪ್ರಶ್ನೆ: ಅಮೆರಿಕ ಸ್ವತಂತ್ರವಾದದ್ದು 1776ರಲ್ಲಿ ಅಂತ ಓದಿದ್ದೇವೆ. ಆದರೆ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾದದ್ದು 1789ರಲ್ಲಿ. ನಡುವಿನ 13 ವರ್ಷ ಆ ದೇಶಕ್ಕೆ ಸರ್ಕಾರವೇ ಇರಲಿಲ್ಲವೇ? ನಿಜವಾದ ಮೊದಲ ಅಧ್ಯಕ್ಷರು ಜಾನ್ ಹ್ಯಾನ್ಸನ್ ಎಂಬ ಕಪ್ಪು ವರ್ಣದ ವ್ಯಕ್ತಿ ಅಂತ ಫೋಟೊ ಸಮೇತ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬಂದಿದೆ. ಇದು ಎಷ್ಟು ನಿಜ? ರಾಜ್ಯಕ್ಕೆ ಇಬ್ಬರು ಸೆನೆಟರ್, ಎಲೆಕ್ಟರ್‌ಗಳು, ಇಷ್ಟೆಲ್ಲ ಗೋಜಲು ಅವರಿಗೆ ಯಾಕೆ ಬೇಕಾಯಿತು?

ಉತ್ತರ: ಸರ್ಕಾರ ಇತ್ತು. ಆದರೆ ಸರ್ಕಾರ ಅಂದಾಗ ನಮಗೆ ನೆನಪಾಗುವ ಯಾವುದೂ ಅದರಲ್ಲಿ ಇರಲಿಲ್ಲ. ಪ್ರಧಾನಿ ಇಲ್ಲ, ರಾಷ್ಟ್ರಾಧ್ಯಕ್ಷ ಇಲ್ಲ, ಸುಪ್ರೀಂ ಕೋರ್ಟ್ ಇಲ್ಲ, ತೆರಿಗೆ ಇಲಾಖೆ ಇಲ್ಲ. ಇದ್ದದ್ದು ಒಂದೇ ಒಂದು ಸಭೆ, ಕಾಂಗ್ರೆಸ್. ಯುದ್ಧ ನಡೆಸಿದ್ದು ಅದೇ, ಸಾಲ ತಂದದ್ದು ಅದೇ, ಕೊನೆಗೆ ಬ್ರಿಟನ್ ಜೊತೆ ಒಪ್ಪಂದ ಮಾಡಿಕೊಂಡದ್ದೂ ಅದೇ. ಜಾನ್ ಹ್ಯಾನ್ಸನ್ ಆ ಸಭೆಯನ್ನು ಒಂದು ವರ್ಷ ನಡೆಸಿಕೊಟ್ಟವರು. ಅವರು ದೇಶದ ಮೊದಲ ಅಧ್ಯಕ್ಷರೂ ಅಲ್ಲ, ಕಪ್ಪು ವರ್ಣದವರೂ ಅಲ್ಲ. ಗೋಜಲಿನ ಬಗ್ಗೆ ಕೇಳಿದ್ದೀರಿ. ಅದು ಯಾರೋ ಪಂಡಿತರು ಪುಸ್ತಕ ಮುಂದಿಟ್ಟುಕೊಂಡು ಮಾಡಿದ ವ್ಯವಸ್ಥೆ ಅಲ್ಲ. ಈ ಮೊದಲ ಸರ್ಕಾರ ಎಲ್ಲೆಲ್ಲಿ ಕೈಕೊಟ್ಟಿತೋ ಅಲ್ಲಲ್ಲಿ ಹಾಕಿದ ತೇಪೆ ಅದು, ಜೊತೆಗೆ ರಾಜ್ಯಗಳ ನಡುವಿನ ಚೌಕಾಸಿ. ಹಾಗಾಗಿ ಮೊದಲ ಸರ್ಕಾರದಿಂದಲೇ ಶುರು ಮಾಡಬೇಕು.

1774ರ ಸೆಪ್ಟೆಂಬರ್ 5ರಂದು ಫಿಲಡೆಲ್ಫಿಯಾದ ಕಾರ್ಪೆಂಟರ್ಸ್ ಹಾಲ್‌ನಲ್ಲಿ ಮೊದಲ ಕಾಂಗ್ರೆಸ್ ಸೇರಿತು. ಮುಂದೆ ರಾಜ್ಯಗಳಾದ 13 ಬ್ರಿಟಿಷ್ ವಸಾಹತುಗಳಲ್ಲಿ 12 ಪ್ರತಿನಿಧಿಗಳನ್ನು ಕಳಿಸಿದವು, ಜಾರ್ಜಿಯಾ ಕಳಿಸಲಿಲ್ಲ. ಆಗ ಸ್ವಾತಂತ್ರ್ಯದ ಮಾತೇ ಇರಲಿಲ್ಲ. ರಾಜನಿಗೊಂದು ಮನವಿ ಕೊಡೋಣ, ಬ್ರಿಟಿಷ್ ಸರಕು ಕೊಳ್ಳುವುದು ಬೇಡ, ಅಷ್ಟೇ ತೀರ್ಮಾನ. ಮರುವರ್ಷ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ನಲ್ಲಿ ಗುಂಡು ಹಾರಿತು. ಮೇ 10ಕ್ಕೆ ಎರಡನೇ ಕಾಂಗ್ರೆಸ್ ಸೇರುವ ಹೊತ್ತಿಗೆ ಯುದ್ಧ ಶುರುವಾಗಿಬಿಟ್ಟಿತ್ತು. ಜೂನ್‌ನಲ್ಲಿ ಆ ಸಭೆ ವರ್ಜೀನಿಯಾದ ವಾಷಿಂಗ್ಟನ್ ಅವರನ್ನು ಸೇನಾಪತಿ ಮಾಡಿತು. ಆಮೇಲೆ ನೋಟು ಅಚ್ಚು ಹಾಕಿತು, ಹೊರದೇಶಗಳಿಗೆ ದೂತರನ್ನು ಕಳಿಸಿತು. ಈ ಅಧಿಕಾರವನ್ನೆಲ್ಲ ಅದಕ್ಕೆ ಕೊಟ್ಟವರು ಯಾರು? ಯಾರೂ ಇಲ್ಲ. ಬೇರೆ ಯಾರೂ ಇರಲಿಲ್ಲ ಅಂತ ಅದೇ ಮಾಡಿತು.

1776ರ ಜೂನ್ 7ರಂದು ವರ್ಜೀನಿಯಾದ ರಿಚರ್ಡ್ ಹೆನ್ರಿ ಲೀ ಒಂದು ನಿರ್ಣಯ ಮಂಡಿಸಿದರು. ಅದರಲ್ಲಿ ಮೂರು ಮಾತು ಇದ್ದವು. ನಾವು ಸ್ವತಂತ್ರರು, ಹೊರದೇಶಗಳ ಸ್ನೇಹ ಬೆಳೆಸಬೇಕು, ನಮ್ಮೊಳಗೆ ಒಂದು ಒಕ್ಕೂಟ ಕಟ್ಟಿಕೊಳ್ಳಬೇಕು. ಮೊದಲನೆಯದಕ್ಕೆ ಜುಲೈ 2ರಂದೇ ಮತ ಬಿತ್ತು. ಎರಡು ದಿನ ಬಿಟ್ಟು, 4ರಂದು, ಘೋಷಣೆಯ ಪಠ್ಯವನ್ನು ಒಪ್ಪಿದರು. ಎರಡನೆಯದು 1778ರಲ್ಲಿ ಫ್ರಾನ್ಸ್ ಜೊತೆಗಿನ ಒಪ್ಪಂದದಲ್ಲಿ ಕೈಗೂಡಿತು. ಮೂರನೆಯದಕ್ಕೆ ಮಾತ್ರ ಐದು ವರ್ಷದ ಹತ್ತಿರ ಹಿಡಿಯಿತು.

ಒಕ್ಕೂಟದ ಕರಡು ಬರೆದವರು ಜಾನ್ ಡಿಕಿನ್ಸನ್. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆಯೂ ಬರುತ್ತದೆ. ಸ್ವಾತಂತ್ರ್ಯಕ್ಕೆ ಇನ್ನೂ ಕಾಲ ಬಂದಿಲ್ಲ ಎನ್ನುತ್ತಿದ್ದವರು ಅವರು, ಜುಲೈ 2ರ ಮತಕ್ಕೆ ಸಭೆಯ ಒಳಗೇ ಬರಲಿಲ್ಲ. ಅವರ ಕರಡಿನಲ್ಲಿ ಕೇಂದ್ರಕ್ಕೆ ಅಷ್ಟಿಷ್ಟು ಶಕ್ತಿ ಇತ್ತು. ಚರ್ಚೆಯಲ್ಲಿ ರಾಜ್ಯಗಳು ಅದನ್ನು ಚೆನ್ನಾಗಿ ಸವೆಸಿದವು. ಉತ್ತರ ಕೆರೊಲಿನಾದ ಥಾಮಸ್ ಬರ್ಕ್ ಹಟ ಹಿಡಿದು, ಪ್ರತಿ ರಾಜ್ಯವೂ ತನ್ನ ಸಾರ್ವಭೌಮತೆಯನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ ಎಂಬ ಸಾಲು ಸೇರಿಸಿಸಿದರು. 1777ರ ನವೆಂಬರ್ 15ರಂದು ಕಾಂಗ್ರೆಸ್ ಇದನ್ನು ಒಪ್ಪಿತು. ಒಪ್ಪಿದ್ದು ಎಲ್ಲಿ ಅಂತೀರಿ? ಪೆನ್ಸಿಲ್ವೇನಿಯಾದ ಒಳಗಿನ ಯಾರ್ಕ್ ಎಂಬ ಸಣ್ಣ ಊರಲ್ಲಿ. ಫಿಲಡೆಲ್ಫಿಯಾ ಆಗ ಬ್ರಿಟಿಷರ ವಶದಲ್ಲಿತ್ತು.

ಇದು ಜಾರಿಗೆ ಬರಬೇಕಾದರೆ 13 ರಾಜ್ಯಗಳೂ ಒಪ್ಪಬೇಕಿತ್ತು. ಮೇರಿಲ್ಯಾಂಡ್ ಒಂದು ತಡೆದು ನಿಂತಿತು. ಅದಕ್ಕೆ ಕಾರಣವೂ ಇತ್ತು. ವರ್ಜೀನಿಯಾದಂಥ ರಾಜ್ಯಗಳು ಪಶ್ಚಿಮದ ಕಡೆಗೆ ಕಣ್ಣು ಹಾಯುವಷ್ಟು ದೂರದ ಭೂಮಿಯೆಲ್ಲ ತಮ್ಮದೇ ಎನ್ನುತ್ತಿದ್ದವು. ಆ ಭೂಮಿ ಮಾರಿಯೇ ಅವರು ಸಾಲ ತೀರಿಸಿಕೊಳ್ಳುತ್ತಾರೆ, ಪಶ್ಚಿಮಕ್ಕೆ ಜಾಗವೇ ಇಲ್ಲದ ನಾವು ಮಾತ್ರ ಜನರ ಮೇಲೆ ತೆರಿಗೆ ಹಾಕಬೇಕಾ ಅನ್ನುವುದು ಮೇರಿಲ್ಯಾಂಡ್ ವಾದ. ಕೊನೆಗೆ ವರ್ಜೀನಿಯಾ ಒಹಾಯೊ ನದಿಯ ಉತ್ತರದ ಭೂಮಿಯನ್ನು ಬಿಟ್ಟುಕೊಡಲು ಮುಂದೆ ಬಂತು. 1781ರ ಮಾರ್ಚ್ 1ರಂದು ಒಕ್ಕೂಟದ ನಿಯಮಗಳು ಜಾರಿಗೆ ಬಂದವು. ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಶರಣಾದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಅಂದರೆ ಯುದ್ಧದ ಬಹುಪಾಲನ್ನು ಅಮೆರಿಕ ಯಾವ ಸಂವಿಧಾನವೂ ಇಲ್ಲದೆ ಹೋರಾಡಿತು.

ಈ ನಿಯಮಗಳಲ್ಲಿ ಏನಿತ್ತು? ಪ್ರತಿ ರಾಜ್ಯ ಇಬ್ಬರಿಂದ ಏಳು ಪ್ರತಿನಿಧಿಗಳನ್ನು ಕಳಿಸಬಹುದು. ಎಷ್ಟು ಜನ ಬಂದರೂ ರಾಜ್ಯಕ್ಕೆ ಒಂದೇ ಮತ. ಯುದ್ಧ, ಒಪ್ಪಂದ, ಸಾಲ ಇಂಥ ದೊಡ್ಡ ವಿಷಯಕ್ಕೆ 9 ರಾಜ್ಯಗಳ ಒಪ್ಪಿಗೆ ಬೇಕು. ನಿಯಮ ತಿದ್ದಬೇಕಾದರೆ 13ಕ್ಕೆ 13. ಕಾಂಗ್ರೆಸ್ ಯುದ್ಧ ಸಾರಬಹುದು, ಆದರೆ ಸಿಪಾಯಿಗಳನ್ನು ಕೊಡಬೇಕಾದ್ದು ರಾಜ್ಯಗಳು. ಸಾಲ ತರಬಹುದು, ತೀರಿಸಲು ತೆರಿಗೆ ಹಾಕುವಂತಿಲ್ಲ. ಒಪ್ಪಂದ ಮಾಡಬಹುದು, ಅದನ್ನು ರಾಜ್ಯಗಳು ಪಾಲಿಸುವಂತೆ ಮಾಡುವ ದಾರಿ ಇಲ್ಲ. ವ್ಯಾಪಾರದ ಮೇಲೆ ಹಿಡಿತವೂ ಇಲ್ಲ.

ಈಗ ಹ್ಯಾನ್ಸನ್ ವಿಷಯ. ಸಭೆ ಅಂದಮೇಲೆ ನಡೆಸಲು ಒಬ್ಬರು ಬೇಕಲ್ಲ. 1774ರಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲಿಗರು ಪೇಟನ್ ರಾಂಡಾಲ್ಫ್. ಸ್ವಾತಂತ್ರ್ಯ ಘೋಷಿಸಿದಾಗ ಇದ್ದವರು ಜಾನ್ ಹ್ಯಾನ್ಕಾಕ್. ಒಕ್ಕೂಟದ ನಿಯಮಗಳು ಜಾರಿಗೆ ಬಂದ ದಿನ ಸ್ಯಾಮ್ಯುಯೆಲ್ ಹಂಟಿಂಗ್ಟನ್, ಅವರಾದ ಮೇಲೆ ಥಾಮಸ್ ಮೆಕೀನ್. 1781ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ಜಾನ್ ಹ್ಯಾನ್ಸನ್ ಬಂದರು. ಹೊಸ ನಿಯಮದಂತೆ ಆಯ್ಕೆಯಾಗಿ ಒಂದು ವರ್ಷದ ಅವಧಿಯನ್ನು ಪೂರ್ತಿ ಮುಗಿಸಿದವರಲ್ಲಿ ಅವರೇ ಮೊದಲಿಗರು. ವಾಟ್ಸಾಪ್ ಕಥೆಗೆ ಇರುವ ಆಧಾರ ಇಷ್ಟೇ. ಸಭೆ ನಡೆಸುವುದು, ಪತ್ರಗಳಿಗೆ ಸಹಿ ಹಾಕುವುದು, ಅತಿಥಿಗಳಿಗೆ ಊಟ ಹಾಕುವುದು ಅವರ ಕೆಲಸ. ಅವರಿಗೆ ವೀಟೋ ಇಲ್ಲ, ಸೇನೆಯ ಮೇಲೆ ಅಧಿಕಾರ ಇಲ್ಲ, ಮಂತ್ರಿಗಳನ್ನು ನೇಮಿಸುವಂತಿಲ್ಲ. ನಮ್ಮ ಸ್ಪೀಕರ್‌ಗೆ ಇರುವಷ್ಟು ಅಧಿಕಾರವೂ ಇರಲಿಲ್ಲ ಅಂತಲೇ ನನ್ನ ಲೆಕ್ಕ.

ಮೇರಿಲ್ಯಾಂಡ್ ರಾಜ್ಯ ಅವರ ಪ್ರತಿಮೆಯನ್ನು ವಾಷಿಂಗ್ಟನ್‌ನ ಸಂಸತ್ ಭವನಕ್ಕೆ ಕೊಟ್ಟಿದೆ, ಹಾಗಾಗಿ ಕಥೆಗೆ ಜೀವ ಹೋಗುವುದಿಲ್ಲ. ಫೋಟೊ ಮಾತ್ರ ಶುದ್ಧ ಸುಳ್ಳು. ಹ್ಯಾನ್ಸನ್ ತೀರಿಕೊಂಡದ್ದು 1783ರಲ್ಲಿ. ಆಗ ಫೋಟೊಗ್ರಫಿಯೇ ಇರಲಿಲ್ಲ, ಅಲ್ವಾ? ಸಂದೇಶದಲ್ಲಿ ಓಡಾಡುವ ಚಿತ್ರ ಆಫ್ರಿಕಾದ ಲೈಬೀರಿಯ ದೇಶದಲ್ಲಿ 19ನೇ ಶತಮಾನದಲ್ಲಿ ಸೆನೆಟರ್ ಆಗಿದ್ದ, ಅದೇ ಹೆಸರಿನ ಬೇರೊಬ್ಬರದ್ದು.

ಯಾರು ನಡೆಸಿದರು ಅಂತ ಒಂದೇ ಹೆಸರು ಹೇಳಲೇಬೇಕು ಅಂದರೆ ನಾನು ಚಾರ್ಲ್ಸ್ ಥಾಮ್ಸನ್ ಹೆಸರು ಹೇಳುತ್ತೇನೆ. ಕಾಂಗ್ರೆಸ್ಸಿನ ಕಾರ್ಯದರ್ಶಿ. 1774ರಿಂದ 1789ರವರೆಗೆ ಸಭಾಪತಿಗಳು ಬಂದರು ಹೋದರು, ಪ್ರತಿನಿಧಿಗಳು ಬದಲಾದರು, ಈ ಮನುಷ್ಯ ಮಾತ್ರ ಕಡತ ಕೈಲಿ ಹಿಡಿದು ಅಲ್ಲೇ ಇದ್ದರು. ಶಾಲೆಯ ಪುಸ್ತಕಗಳಲ್ಲಿ ಅವರ ಹೆಸರು ಕಾಣುವುದೇ ಅಪರೂಪ.

ಆ ಸರ್ಕಾರಕ್ಕೆ ಏಟು ಕೊಟ್ಟದ್ದು ದುಡ್ಡು. ಯುದ್ಧದ ಖರ್ಚಿಗೆ ಕಾಂಗ್ರೆಸ್ ಸುಮಾರು 24 ಕೋಟಿ ಡಾಲರ್ ನೋಟು ಅಚ್ಚು ಹಾಕಿತ್ತು. ಅದರ ಬೆಲೆ ನೆಲ ಕಚ್ಚಿತು. 1780ರಲ್ಲಿ ಕಾಂಗ್ರೆಸ್ಸೇ 40 ಕಾಗದದ ಡಾಲರ್‌ಗೆ ಒಂದು ಬೆಳ್ಳಿ ಡಾಲರ್ ಅಂತ ಲೆಕ್ಕ ಕಟ್ಟಿತು. ಇನ್ನು ರಾಜ್ಯಗಳನ್ನು ಕೇಳಬೇಕು. ಕೇಳಿದರೆ ಕೆಲವು ಸ್ವಲ್ಪ ಕೊಟ್ಟವು, ಕೆಲವು ಕೊಡಲಿಲ್ಲ. ಆಮದಿನ ಮೇಲೆ ಬರೀ ಶೇ 5ರ ಸುಂಕ ಹಾಕಲು ಅನುಮತಿ ಕೊಡಿ ಅಂತ 1781ರಲ್ಲಿ ಕೇಳಿದರು. ಎಲ್ಲಕ್ಕಿಂತ ಚಿಕ್ಕದಾದ ರೋಡ್ ಐಲೆಂಡ್ ಒಲ್ಲೆ ಎಂದಿತು, ಯೋಜನೆ ಬಿತ್ತು. 1783ರಲ್ಲಿ ಮತ್ತೆ ಕೇಳಿದರು. ಈ ಸಲ ನ್ಯೂಯಾರ್ಕ್ ಅಡ್ಡ ಬಂತು. ಅದರ ಬಂದರಿಗೆ ಬರುವ ಸುಂಕವನ್ನು ಕೇಂದ್ರಕ್ಕೆ ಯಾಕೆ ಬಿಡಬೇಕು? ನ್ಯೂಯಾರ್ಕ್ ಹೀಗೆ ಮಾಡುವುದಾದರೆ ನಾವೂ ನಮ್ಮ ಪಾಲು ಕೊಡುವುದಿಲ್ಲ ಅಂತ 1786ರಲ್ಲಿ ನ್ಯೂಜೆರ್ಸಿ ಕೈ ಎತ್ತಿತು. ಎತ್ತು ಏರಿಗೆ, ಕೋಣ ನೀರಿಗೆ.

ಇಲ್ಲಿ ಮೈಸೂರಿನವರು ಕಿವಿ ನಿಮಿರಿಸಬೇಕಾದ ಒಂದು ವಿಷಯ ಇದೆ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗುಗಳು ಫಿಲಡೆಲ್ಫಿಯಾದ ವ್ಯಾಪಾರವನ್ನು ದೋಚುತ್ತಿದ್ದವು. ಅದನ್ನು ತಡೆಯುವಷ್ಟು ನೌಕಾಬಲ ಕಾಂಗ್ರೆಸ್ ಬಳಿ ಉಳಿದಿರಲಿಲ್ಲ. ಪೆನ್ಸಿಲ್ವೇನಿಯಾ ರಾಜ್ಯ ಮತ್ತು ಅಲ್ಲಿನ ವರ್ತಕರು ಸೇರಿ ಒಂದು ವ್ಯಾಪಾರಿ ಹಡಗಿಗೆ ತೋಪು ಕೂರಿಸಿ ಕಳಿಸಿದರು. ಆ ಹಡಗಿನ ಹೆಸರು 'ಹೈದರ್ ಅಲಿ'. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರಾಲಿಯೇ. ಆಗ ಇಲ್ಲಿ ಎರಡನೇ ಮೈಸೂರು ಯುದ್ಧ ನಡೆಯುತ್ತಿತ್ತು. ಬ್ರಿಟಿಷರ ವೈರಿ ಯಾರೇ ಆದರೂ ಫಿಲಡೆಲ್ಫಿಯಾದವರಿಗೆ ಪ್ರೀತಿ. ಏಪ್ರಿಲ್ 8ರಂದು ಜೋಶುವಾ ಬಾರ್ನಿ ನಾಯಕತ್ವದ 'ಹೈದರ್ ಅಲಿ', ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಓದಲು ಖುಷಿಯೇ. ಆದರೆ ದೇಶದ ಅತಿ ದೊಡ್ಡ ಬಂದರನ್ನು ಕಾಯಲು ಒಂದು ರಾಜ್ಯ ತಾನೇ ಹಡಗು ಸಜ್ಜು ಮಾಡಬೇಕಾಯಿತು ಅಂದರೆ ಕೇಂದ್ರದ ಸ್ಥಿತಿ ಹೇಗಿತ್ತು ಅಂತ ಯೋಚಿಸಿ.

ಮರುವರ್ಷ ಇನ್ನೂ ಅವಮಾನ. 1783ರ ಜೂನ್‌ನಲ್ಲಿ ಸಂಬಳ ಸಿಗದ ನೂರಾರು ಸಿಪಾಯಿಗಳು ಕಾಂಗ್ರೆಸ್ ಸೇರುತ್ತಿದ್ದ ಫಿಲಡೆಲ್ಫಿಯಾದ ಸ್ಟೇಟ್ ಹೌಸ್ ಸುತ್ತುವರಿದರು. ಕಾಂಗ್ರೆಸ್ ಬಳಿ ಪೊಲೀಸ್ ಇಲ್ಲ. ರಾಜ್ಯದ ದಂಡನ್ನು ಕರೆಸಿ ಅಂತ ಪೆನ್ಸಿಲ್ವೇನಿಯಾದ ಮುಖ್ಯಸ್ಥರಲ್ಲಿ ಬೇಡಿಕೊಂಡರು. ಆಗ ಆ ಹುದ್ದೆಯಲ್ಲಿದ್ದವರು ಬೇರಾರೂ ಅಲ್ಲ, ಒಕ್ಕೂಟದ ಕರಡು ಬರೆದ ಡಿಕಿನ್ಸನ್. ಅವರು ಕರೆಸಲಿಲ್ಲ. ಕಾಂಗ್ರೆಸ್ ಗಂಟುಮೂಟೆ ಕಟ್ಟಿಕೊಂಡು ಪ್ರಿನ್ಸ್‌ಟನ್‌ಗೆ ಹೋಯಿತು. ಅಲ್ಲಿಂದ ಅನಾಪೊಲಿಸ್, ಅಲ್ಲಿಂದ ಟ್ರೆಂಟನ್, ಕೊನೆಗೆ 1785ರಲ್ಲಿ ನ್ಯೂಯಾರ್ಕ್. ಮುಂದೆ ಬಂದ ಸಂವಿಧಾನದಲ್ಲಿ ರಾಜಧಾನಿಗೆ ಯಾವ ರಾಜ್ಯಕ್ಕೂ ಸೇರದ ಜಾಗ ಬೇಕು ಅಂತ ಬರೆದಿರುವುದರ ಹಿಂದೆ ಈ ಓಡಾಟದ ನೆನಪಿದೆ.

ಬ್ರಿಟನ್ ಜೊತೆಗಿನ ಶಾಂತಿ ಒಪ್ಪಂದಕ್ಕೆ 1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್‌ನಲ್ಲಿ ಸಹಿ ಬಿತ್ತು. ಆರು ತಿಂಗಳೊಳಗೆ ಅದನ್ನು ಅನುಮೋದಿಸಿ ವಾಪಸ್ ಮುಟ್ಟಿಸಬೇಕು. 9 ರಾಜ್ಯಗಳು ಬೇಕು, ಅನಾಪೊಲಿಸ್‌ಗೆ ಬಂದದ್ದು 7. ಚಳಿಗಾಲ, ಹದಗೆಟ್ಟ ರಸ್ತೆ, ಬರುವ ಮನಸ್ಸೂ ಇಲ್ಲ. ಕೊನೆಗೆ ಕಾಯಿಲೆ ಬಿದ್ದಿದ್ದ ದಕ್ಷಿಣ ಕೆರೊಲಿನಾದ ಪ್ರತಿನಿಧಿಯೊಬ್ಬರು ಎದ್ದು ಬಂದ ಮೇಲೆ, 1784ರ ಜನವರಿ 14ರಂದು ಕೆಲಸ ಮುಗಿಯಿತು. ಯುದ್ಧ ಗೆದ್ದ ದೇಶಕ್ಕೆ ಗೆದ್ದ ಕಾಗದಕ್ಕೆ ಒಪ್ಪಿಗೆ ಹಾಕಲು ಕೋರಂ ಇಲ್ಲ!

ಹಾಗಂತ ಆ ಕಾಂಗ್ರೆಸ್ ಬರೀ ದಂಡ ಅನ್ನುವುದು ಅನ್ಯಾಯ. 1787ರ ಜುಲೈ 13ರಂದು ಅದು ಮಾಡಿದ ವಾಯವ್ಯ ಪ್ರದೇಶದ ಕಾನೂನು ನನ್ನ ಲೆಕ್ಕದಲ್ಲಿ ಬಹಳ ದೊಡ್ಡದು. ಒಹಾಯೊ ನದಿಯ ಉತ್ತರದಲ್ಲಿ 60,000 ಸ್ವತಂತ್ರ ಜನ ನೆಲೆಸಿದ ಕಡೆ ಹೊಸ ರಾಜ್ಯ ಆಗಬಹುದು, ಅದು ಹಳೆಯ 13ಕ್ಕೆ ಸರಿಸಮ, ಅಲ್ಲಿ ಗುಲಾಮಗಿರಿ ಇಲ್ಲ ಅಂತ ಆ ಕಾನೂನು ಹೇಳಿತು. ಆ ಭೂಮಿಯಲ್ಲಿ ಮೊದಲಿನಿಂದ ಬಾಳುತ್ತಿದ್ದ ಮೂಲನಿವಾಸಿಗಳಿಗೆ ಮಾತ್ರ ಇದರಿಂದ ಒಳ್ಳೆಯದಾಗಲಿಲ್ಲ. ಅವರ ಒಪ್ಪಿಗೆಯಿಲ್ಲದೆ ಭೂಮಿ ಕಸಿಯುವುದಿಲ್ಲ ಅಂತ ಅದೇ ಕಾನೂನಿನಲ್ಲಿ ಬರೆದಿತ್ತು. ಆ ಮಾತು ನಿಲ್ಲಲಿಲ್ಲ.

1786ರ ಕೊನೆಗೆ ಮ್ಯಾಸಚೂಸೆಟ್ಸ್‌ನ ಪಶ್ಚಿಮ ಭಾಗದ ರೈತರು ತಿರುಗಿಬಿದ್ದರು. ಸಾಲ, ಭಾರಿ ತೆರಿಗೆ, ಕೋರ್ಟಿನಿಂದ ಜಪ್ತಿ. ಅವರ ಮುಂದಾಳುಗಳಲ್ಲಿ ಒಬ್ಬರಾದ ಡೇನಿಯಲ್ ಶೇಸ್ ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವರು. 1787ರ ಜನವರಿಯಲ್ಲಿ ಅವರು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರಕ್ಕೇ ನುಗ್ಗಲು ಹೋದರು. ಕೇಂದ್ರಕ್ಕೆ ಸೈನ್ಯ ಕಳಿಸುವ ಗತಿ ಇರಲಿಲ್ಲ. ಬಾಸ್ಟನ್‌ನ ಸಾಹುಕಾರರು ಕೈಯಿಂದ ದುಡ್ಡು ಹಾಕಿ ದಂಡು ಕಟ್ಟಿಸಿದರು. ದಂಗೆ ಅಡಗಿತು, ಆಸ್ತಿವಂತರ ಎದೆ ನಡುಗುವುದು ನಿಲ್ಲಲಿಲ್ಲ. ಇದಕ್ಕೆ ಸ್ವಲ್ಪ ಮೊದಲು, 1786ರ ಸೆಪ್ಟೆಂಬರ್‌ನಲ್ಲಿ, ವ್ಯಾಪಾರದ ಜಗಳ ಬಗೆಹರಿಸಲು ಅನಾಪೊಲಿಸ್‌ನಲ್ಲಿ ಒಂದು ಸಭೆ ಕರೆದಿದ್ದರು. ಬಂದದ್ದು ಐದೇ ರಾಜ್ಯ. ಅಧ್ಯಕ್ಷತೆ ಮತ್ತೆ ಡಿಕಿನ್ಸನ್ ಅವರದ್ದು. ನ್ಯೂಯಾರ್ಕ್‌ನ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅಲ್ಲಿಂದಲೇ ಒಂದು ಪತ್ರ ಬರೆದು, ಮುಂದಿನ ಮೇ ತಿಂಗಳಲ್ಲಿ ಎಲ್ಲ ರಾಜ್ಯಗಳೂ ಫಿಲಡೆಲ್ಫಿಯಾಕ್ಕೆ ಬರಲಿ, ಒಟ್ಟು ವ್ಯವಸ್ಥೆಯನ್ನೇ ನೋಡೋಣ ಎಂದರು.

1787ರ ಮೇ 25ರಂದು ಕೋರಂ ಆಯಿತು. 12 ರಾಜ್ಯಗಳಿಂದ ಒಟ್ಟು 55 ಜನ ಬಂದು ಹೋದರು. ರೋಡ್ ಐಲೆಂಡ್ ಎಂದಿನಂತೆ ಬರಲೇ ಇಲ್ಲ. ಸಭೆಯ ಕುರ್ಚಿಯಲ್ಲಿ ವಾಷಿಂಗ್ಟನ್. ಜೆಫರ್ಸನ್ ಪ್ಯಾರಿಸ್‌ನಲ್ಲಿ, ಜಾನ್ ಆಡಮ್ಸ್ ಲಂಡನ್‌ನಲ್ಲಿ ರಾಯಭಾರಿಗಳಾಗಿದ್ದರು. ಇವರಿಬ್ಬರೂ ಸಂವಿಧಾನ ಬರೆದರು ಅನ್ನುವುದು ತಪ್ಪು. ಒಳಗಿನ ಮಾತು ಹೊರಗೆ ಹೋಗಬಾರದು ಅಂತ ನಿಯಮ ಮಾಡಿಕೊಂಡರು. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ದಿನಾ ಟಿಪ್ಪಣಿ ಬರೆದಿಟ್ಟರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1840ರಲ್ಲಿ. ಒಳಗೆ ಏನಾಯಿತು ಅಂತ ನಮಗೆ ಗೊತ್ತಾಗಿರುವುದು ಹೆಚ್ಚಾಗಿ ಅದರಿಂದಲೇ.

ಸೆನೆಟ್ ಹುಟ್ಟಿದ್ದು ಇಲ್ಲಿಯ ಜಗಳದಿಂದ. ವರ್ಜೀನಿಯಾದವರು ಎರಡು ಸದನ ಇರಲಿ, ಎರಡರಲ್ಲೂ ಜನಸಂಖ್ಯೆಗೆ ತಕ್ಕಂತೆ ಸೀಟು ಅಂದರು. 1790ರ ಗಣತಿ ನೋಡಿ: ವರ್ಜೀನಿಯಾ ಸುಮಾರು 7.47 ಲಕ್ಷ, ಡೆಲವೇರ್ ಸುಮಾರು 59 ಸಾವಿರ. ಚಿಕ್ಕ ರಾಜ್ಯಗಳು ಒಪ್ಪುವುದುಂಟೇ? ರಾಜ್ಯಕ್ಕೊಂದು ಮತ ಎಂಬ ಹಳೆಯ ನಿಯಮ ಬಿಟ್ಟುಕೊಡಬೇಡಿ ಅಂತಲೇ ಡೆಲವೇರ್ ತನ್ನವರನ್ನು ಕಟ್ಟಿಹಾಕಿ ಕಳಿಸಿತ್ತು. ನ್ಯೂಜೆರ್ಸಿಯ ವಿಲಿಯಂ ಪ್ಯಾಟರ್ಸನ್ ಹಳೇ ಏರ್ಪಾಡನ್ನೇ ಸ್ವಲ್ಪ ಗಟ್ಟಿ ಮಾಡೋಣ ಅಂತ ಬೇರೆ ಯೋಜನೆ ತಂದರು. ವಾರಗಟ್ಟಲೆ ಸೆಣಸಾಟ. ಕನೆಕ್ಟಿಕಟ್‌ನ ರೋಜರ್ ಶರ್ಮನ್ ಮತ್ತು ಅವರ ಜೊತೆಗಾರರು ನಡುದಾರಿ ಹಿಡಿದರು: ಕೆಳಮನೆಯಲ್ಲಿ ಜನಸಂಖ್ಯೆ, ಮೇಲ್ಮನೆಯಲ್ಲಿ ಎಲ್ಲರೂ ಸಮ. ಜುಲೈ 16ರಂದು 5 ರಾಜ್ಯ ಪರ, 4 ವಿರುದ್ಧ. ಮ್ಯಾಸಚೂಸೆಟ್ಸ್ ಪ್ರತಿನಿಧಿಗಳು ಸಮನಾಗಿ ಒಡೆದು ಅವರ ಮತ ಲೆಕ್ಕಕ್ಕೆ ಬರಲಿಲ್ಲ. ಒಂದೇ ಒಂದು ಮತದ ಅಂತರ. ಮ್ಯಾಡಿಸನ್ ಇದನ್ನು ಸೋಲು ಅಂತಲೇ ತಿಳಿದರು.

ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಉತ್ತರ ಪ್ರದೇಶಕ್ಕೆ 31. ಅಲ್ಲಿ ಅಂಥ ವ್ಯತ್ಯಾಸ ಇಲ್ಲ, ಎಲ್ಲರಿಗೂ ಎರಡೆರಡು. ಶಾಸಕರು ಆರಿಸುವ ಪದ್ಧತಿ ಮಾತ್ರ ಮೊದಲು ಅಲ್ಲಿಯೂ ಇತ್ತು. ಸೆನೆಟರ್‌ಗಳನ್ನು ರಾಜ್ಯದ ಶಾಸನಸಭೆ ಆರಿಸಲಿ ಅಂತ ಸೂಚಿಸಿದವರು ಯಾರು ಗೊತ್ತಾ? ಈ ಸಲ ಡೆಲವೇರ್ ಪರವಾಗಿ ಬಂದಿದ್ದ ಡಿಕಿನ್ಸನ್. ಆ ಪದ್ಧತಿ 1913ರವರೆಗೂ ನಡೆಯಿತು.

ಕೆಳಮನೆಗೆ ಜನಸಂಖ್ಯೆ ಅಂದಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಯಾರು ಜನ? ದಕ್ಷಿಣ ಕೆರೊಲಿನಾದ 2.49 ಲಕ್ಷದಲ್ಲಿ 1.07 ಲಕ್ಷ ಮಂದಿ ಗುಲಾಮರು. ಅವರಿಗೆ ಮತ ಇಲ್ಲ, ಹಕ್ಕು ಇಲ್ಲ, ಆದರೆ ಸೀಟಿನ ಲೆಕ್ಕಕ್ಕೆ ಅವರೆಲ್ಲ ಬೇಕು ಅನ್ನುವುದು ಒಡೆಯರ ವಾದ. ಐದು ಗುಲಾಮರನ್ನು ಮೂವರು ಅಂತ ಎಣಿಸುವ ರಾಜಿ ಆಯಿತು. ಗುಲಾಮರ ಆಮದನ್ನು 1808ರವರೆಗೆ ನಿಷೇಧಿಸುವಂತಿಲ್ಲ, ಓಡಿಹೋದವರನ್ನು ಹಿಡಿದು ಒಪ್ಪಿಸಬೇಕು ಎಂಬುದೂ ಸೇರಿತು. ಕಾಲವೇ ಹಾಗಿತ್ತು ಅಂತ ಇದಕ್ಕೆ ಸಮಾಧಾನ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕೋಣೆಯಲ್ಲೇ ಗುಲಾಮರ ಆಮದನ್ನು ಕಟುವಾಗಿ ಖಂಡಿಸಿದವರಿದ್ದರು. ಹಾಗೆ ಮಾತಾಡಿದ ವರ್ಜೀನಿಯಾದ ಜಾರ್ಜ್ ಮೇಸನ್ ತಾವೇ ಬಹಳಷ್ಟು ಗುಲಾಮರ ಒಡೆಯರು. ಗೊತ್ತಿಲ್ಲದೆ ಮಾಡಿದ್ದಲ್ಲ, ಗೊತ್ತಿದ್ದೇ ಮಾಡಿದ್ದು.

ಅಧ್ಯಕ್ಷ ಸ್ಥಾನದ ಚರ್ಚೆ ಬಂದಾಗ ಸಭೆ ಕೊಂಚ ಹೊತ್ತು ಸುಮ್ಮನಾಯಿತು ಅಂತ ಮ್ಯಾಡಿಸನ್ ಬರೆದಿದ್ದಾರೆ. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಒಬ್ಬರೇ ಇರಲಿ ಎಂದಿದ್ದರು. ವರ್ಜೀನಿಯಾದ ಎಡ್ಮಂಡ್ ರಾಂಡಾಲ್ಫ್‌ಗೆ ಅದರಲ್ಲಿ ರಾಜನ ಭ್ರೂಣ ಕಂಡಿತು, ಮೂವರು ಇರಲಿ ಎಂದರು. ಎದುರಿನ ಕುರ್ಚಿಯಲ್ಲಿ ಕೂತ ವಾಷಿಂಗ್ಟನ್ ಅವರೇ ಮೊದಲು ಆ ಹುದ್ದೆಗೆ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಮಾತಾಡಲು ಮುಜುಗರ ಆಗದೇ ಇರುತ್ತದೆಯೇ? ಜೂನ್ 4ರಂದು 7-3ರಲ್ಲಿ ಒಬ್ಬರೇ ಎಂದು ತೀರ್ಮಾನವಾಯಿತು.

ಅವರನ್ನು ಆರಿಸುವವರು ಯಾರು ಅನ್ನುವುದು ಮಾತ್ರ ಸೆಪ್ಟೆಂಬರ್‌ವರೆಗೂ ಬಗೆಹರಿಯಲಿಲ್ಲ. ಕಾಂಗ್ರೆಸ್ ಆರಿಸಿದರೆ ಅಧ್ಯಕ್ಷ ಅದರ ಕೈಗೊಂಬೆ. ಜನ ನೇರವಾಗಿ ಆರಿಸಿದರೆ, ದಕ್ಷಿಣದ ಗುಲಾಮರಿಗೆ ಮತ ಇಲ್ಲವಾದ್ದರಿಂದ ಆ ರಾಜ್ಯಗಳಿಗೆ ನಷ್ಟ. ಇದನ್ನು ಮ್ಯಾಡಿಸನ್ ಬಾಯಿಬಿಟ್ಟೇ ಹೇಳಿದರು. ಕೊನೆಗೆ ಒಂದು ಸಮಿತಿ ಎಲೆಕ್ಟರ್‌ಗಳ, ಅಂದರೆ ಅಧ್ಯಕ್ಷರನ್ನು ಆರಿಸಲೆಂದೇ ಪ್ರತಿ ರಾಜ್ಯ ನೇಮಿಸುವ ಮತದಾರರ, ದಾರಿ ಕಂಡುಹಿಡಿಯಿತು. ಒಂದು ರಾಜ್ಯಕ್ಕೆ ಎಷ್ಟು ಸೆನೆಟರ್, ಎಷ್ಟು ಕೆಳಮನೆ ಸದಸ್ಯರೋ ಅಷ್ಟು ಎಲೆಕ್ಟರ್. ಹೀಗೆ ಚಿಕ್ಕ ರಾಜ್ಯಗಳಿಗೆ ಸಿಕ್ಕ ಎರಡು ಸೀಟು, ದಕ್ಷಿಣಕ್ಕೆ ಸಿಕ್ಕ ಐದಕ್ಕೆ ಮೂರರ ಲೆಕ್ಕ, ಎರಡೂ ಅಧ್ಯಕ್ಷರ ಚುನಾವಣೆಯೊಳಗೂ ಹೊಕ್ಕವು. ಪ್ರತಿ ಎಲೆಕ್ಟರ್‌ಗೆ ಎರಡು ಮತ, ಎರಡನೇ ಸ್ಥಾನ ಪಡೆದವರು ಉಪಾಧ್ಯಕ್ಷ. ಈ ಕೊನೆಯ ಜಾಣತನ 1800ರಲ್ಲಿ ಕೈಕೊಟ್ಟಿತು. ಒಂದೇ ಪಕ್ಷದ ಜೆಫರ್ಸನ್ ಮತ್ತು ಆರನ್ ಬರ್ ಇಬ್ಬರಿಗೂ 73 ಮತ ಬಿದ್ದು, ಕೆಳಮನೆ 36 ಸಲ ಮತ ಹಾಕಿ ಜೆಫರ್ಸನ್ ಅವರನ್ನು ಆರಿಸಬೇಕಾಯಿತು. 1804ರಲ್ಲಿ ಅದನ್ನು ತಿದ್ದಿದರು.

ಸೆಪ್ಟೆಂಬರ್ 17ರಂದು 39 ಹೆಸರುಗಳು ಬಿದ್ದವು. ಕಾಯಿಲೆಯಿಂದ ಊರಿಗೆ ಹೋಗಿದ್ದ ಡಿಕಿನ್ಸನ್ ಹೆಸರನ್ನು ಅವರ ಪರವಾಗಿ ಜಾರ್ಜ್ ರೀಡ್ ಬರೆದರು. ಮೇಸನ್, ರಾಂಡಾಲ್ಫ್ ಮತ್ತು ಎಲ್ಬ್ರಿಜ್ ಗೆರಿ ಎದುರಿಗೇ ಇದ್ದೂ ಸಹಿ ಹಾಕಲಿಲ್ಲ. ಜನರ ಹಕ್ಕುಗಳ ಪಟ್ಟಿಯೇ ಇಲ್ಲ ಅನ್ನುವುದು ಮೇಸನ್ ದೂರು.

ಇಲ್ಲಿ ಒಂದು ಕಿಲಾಡಿತನ ನಡೆದಿದೆ. ಹಳೇ ನಿಯಮ ತಿದ್ದಲು 13 ರಾಜ್ಯಗಳೂ ಒಪ್ಪಬೇಕಿತ್ತಲ್ಲ? ಹೊಸ ಸಂವಿಧಾನ, 9 ರಾಜ್ಯ ಒಪ್ಪಿದರೆ ಆ 9ರ ನಡುವೆ ತಾನು ಜಾರಿ ಅಂತ ತನ್ನೊಳಗೇ ಬರೆದುಕೊಂಡಿತು. ಶಾಸನಸಭೆಗಳು ಅಡ್ಡ ಬರಬಾರದು ಅಂತ ಪ್ರತಿ ರಾಜ್ಯದಲ್ಲೂ ಇದಕ್ಕಾಗಿಯೇ ಬೇರೆ ಸಭೆ ಆರಿಸಬೇಕೆಂದರು. ಕಾನೂನಿನ ಕಣ್ಣಲ್ಲಿ ನೋಡಿದರೆ ಇದು ಹಳೆಯದನ್ನು ಪಕ್ಕಕ್ಕೆ ತಳ್ಳಿದ್ದೇ ಸರಿ. ಹಳೆಯ ದಾರಿಯಲ್ಲೇ ಹೋಗಿದ್ದರೆ ರೋಡ್ ಐಲೆಂಡ್ ಒಂದೇ ಸಾಕಿತ್ತು ಎಲ್ಲವನ್ನೂ ಮುಳುಗಿಸಲು.

ಡೆಲವೇರ್ 1787ರ ಡಿಸೆಂಬರ್ 7ರಂದು ಮೊದಲು ಒಪ್ಪಿತು. ಮ್ಯಾಸಚೂಸೆಟ್ಸ್‌ನಲ್ಲಿ ಬಿಗಿಯಾಯಿತು. ಹಕ್ಕುಗಳ ತಿದ್ದುಪಡಿಯನ್ನು ಮುಂದೆ ಸೇರಿಸೋಣ ಅನ್ನುವ ಮಾತಿನ ಮೇಲೆ 187-168ರಲ್ಲಿ ದಾಟಿತು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ಆದರೂ ವರ್ಜೀನಿಯಾ, ನ್ಯೂಯಾರ್ಕ್ ಬಿಟ್ಟು ದೇಶ ನಡೆಯುವುದುಂಟೇ? ವರ್ಜೀನಿಯಾದಲ್ಲಿ ಪ್ಯಾಟ್ರಿಕ್ ಹೆನ್ರಿ ಅವರ ಭಾಷಣಗಳ ಎದುರು 89-79, ನ್ಯೂಯಾರ್ಕ್‌ನಲ್ಲಿ 30-27. ಈಗ ಪವಿತ್ರ ಗ್ರಂಥದಂತೆ ಕಾಣುವ ಸಂವಿಧಾನ ಕೂದಲೆಳೆಯಲ್ಲಿ ಪಾಸಾದದ್ದು.

ನಿಮ್ಮ ಮೊದಲ ಪ್ರಶ್ನೆಗೆ ಈಗ ಒಂದು ವಿಚಿತ್ರ ತಿದ್ದುಪಡಿ. ಸರ್ಕಾರವೇ ಇರಲಿಲ್ಲವೇ ಎಂದು ಕೇಳಿದಿರಿ. ಒಂದು ಆರು ತಿಂಗಳು ನಿಜಕ್ಕೂ ಇರಲಿಲ್ಲ. 1788ರ ಅಕ್ಟೋಬರ್ 10ರ ನಂತರ ಹಳೆಯ ಕಾಂಗ್ರೆಸ್‌ಗೆ ಕೋರಂ ಆಗಲೇ ಇಲ್ಲ. ಹೊಸದು 1789ರ ಮಾರ್ಚ್ 4ಕ್ಕೆ ಶುರುವಾಗಬೇಕಿತ್ತು, ಅವತ್ತು ನ್ಯೂಯಾರ್ಕ್‌ಗೆ ಬಂದ ಸೆನೆಟರ್‌ಗಳು ಎಂಟೇ ಎಂಟು. ಕೆಳಮನೆಗೆ ಏಪ್ರಿಲ್ 1ಕ್ಕೆ, ಸೆನೆಟ್‌ಗೆ 6ಕ್ಕೆ ಕೋರಂ ಆಯಿತು. ಅಲ್ಲಿಯವರೆಗೆ ವಿದೇಶಾಂಗ ನೋಡಿಕೊಳ್ಳುತ್ತಿದ್ದ ಜಾನ್ ಜೇ, ಯುದ್ಧ ಇಲಾಖೆಯ ಹೆನ್ರಿ ನಾಕ್ಸ್, ಖಜಾನೆಯ ಮಂಡಳಿ, ಮತ್ತೆ ನಮ್ಮ ಥಾಮ್ಸನ್ ಕಚೇರಿ ಬಾಗಿಲು ತೆರೆದಿಟ್ಟಿದ್ದರು. ಮತ ಎಣಿಸಿದಾಗ 69 ಎಲೆಕ್ಟರ್‌ಗಳೂ ವಾಷಿಂಗ್ಟನ್ ಅವರಿಗೇ ಮತ ಹಾಕಿದ್ದರು. ಆ ಸುದ್ದಿಯನ್ನು ಅವರ ಮನೆ ಇದ್ದ ಮೌಂಟ್ ವರ್ನನ್‌ಗೆ ಹೋಗಿ ಮುಟ್ಟಿಸಿದವರೂ ಥಾಮ್ಸನ್ನೇ. ಏಪ್ರಿಲ್ 30ರಂದು ವಾಲ್ ಸ್ಟ್ರೀಟ್‌ನ ಫೆಡರಲ್ ಹಾಲ್‌ನಲ್ಲಿ ಪ್ರಮಾಣವಚನ.

ಸಂವಿಧಾನದಲ್ಲಿ ಬಿಟ್ಟ ಜಾಗ ಜಾಸ್ತಿ ಇತ್ತು. ಕೆಳಗಿನ ಕೋರ್ಟುಗಳನ್ನು ಮಾಡುವುದನ್ನು ಅದು ಕಾಂಗ್ರೆಸ್‌ಗೇ ಬಿಟ್ಟಿತ್ತು. 1789ರ ಸೆಪ್ಟೆಂಬರ್ 24ರ ಕಾನೂನು ಆರು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್, 13 ಜಿಲ್ಲಾ ಕೋರ್ಟು ಮಾಡಿತು. ಮರುವರ್ಷ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸೇರಿದಾಗ ಕೇಳಲು ಒಂದು ಕೇಸೂ ಇರಲಿಲ್ಲ. ಸೆನೆಟ್‌ನ ಸಲಹೆ ಪಡೆದು ಒಪ್ಪಂದ ಮಾಡಬೇಕು ಅಂತ ಸಂವಿಧಾನ ಹೇಳಿದೆ. ವಾಷಿಂಗ್ಟನ್ ಅದನ್ನು ನೇರವಾಗಿ ತೆಗೆದುಕೊಂಡು ಆಗಸ್ಟ್ 22ರಂದು ನಾಕ್ಸ್ ಅವರನ್ನು ಕರೆದುಕೊಂಡು ಸೆನೆಟ್‌ಗೇ ಹೋದರು. ಕ್ರೀಕ್ ಮೂಲನಿವಾಸಿಗಳ ಜೊತೆಗಿನ ಒಪ್ಪಂದದ ವಿಷಯ. ಸೆನೆಟರ್‌ಗಳು ಸಮಿತಿಗೆ ಕಳಿಸೋಣ ಎಂದರು. ಅಧ್ಯಕ್ಷರಿಗೆ ಸಿಟ್ಟು ಬಂತು. ಇನ್ನೊಮ್ಮೆ ಬಂದು ಆ ಕೆಲಸ ಮುಗಿಸಿದರು, ಆಮೇಲೆ ಸಲಹೆ ಕೇಳಲು ಆ ಬಾಗಿಲಿಗೆ ಹೋಗಲಿಲ್ಲ. ಬದಲಿಗೆ ತಾವೇ ನೇಮಿಸಿದ ಹ್ಯಾಮಿಲ್ಟನ್, ಜೆಫರ್ಸನ್, ನಾಕ್ಸ್, ರಾಂಡಾಲ್ಫ್ ಅವರನ್ನು ಕೂರಿಸಿಕೊಂಡು ಕೇಳುವ ರೂಢಿ ಬೆಳೆಯಿತು. ಸಂವಿಧಾನದಲ್ಲಿ ಎಲ್ಲೂ ಇಲ್ಲದ ಸಂಪುಟ ಹುಟ್ಟಿದ್ದು ಹೀಗೆ.

ಮ್ಯಾಡಿಸನ್ ಕೊಟ್ಟ ಮಾತಿನಂತೆ ತಿದ್ದುಪಡಿ ತಂದರು. ಕಾಂಗ್ರೆಸ್ 12ನ್ನು ರಾಜ್ಯಗಳಿಗೆ ಕಳಿಸಿತು, 1791ರ ಡಿಸೆಂಬರ್ 15ಕ್ಕೆ 10 ಪಾಸಾದವು. ಉಳಿದೆರಡರಲ್ಲಿ ಒಂದು, ಸಂಸದರ ಸಂಬಳದ್ದು, 1992ರಲ್ಲಿ ಪಾಸಾಯಿತು!

ಉತ್ತರ ಕೆರೊಲಿನಾ 1789ರ ನವೆಂಬರ್‌ನಲ್ಲಿ ಒಳಗೆ ಬಂತು. ಉಳಿದದ್ದು ರೋಡ್ ಐಲೆಂಡ್. ಅದರ ಜೊತೆ ವ್ಯಾಪಾರವನ್ನೇ ನಿಲ್ಲಿಸುವ ಮಸೂದೆಯನ್ನು 1790ರ ಮೇ ತಿಂಗಳಲ್ಲಿ ಸೆನೆಟ್ ಪಾಸು ಮಾಡಿತು. ಆಗ ಮೇ 29ರಂದು ಅದೂ ಒಪ್ಪಿತು, 34-32ರಲ್ಲಿ. ವಾಷಿಂಗ್ಟನ್ ಅಧ್ಯಕ್ಷರಾಗಿ ಆಗಲೇ 13 ತಿಂಗಳಾಗಿತ್ತು.